ಶಿಶುಶಿಕ್ಷಣ ಮತ್ತು ರಾಜ್ಯದ ಹೊಣೆ: ಯಾದವಗಿರಿಯಿಂದ ತಿರುಮಕೂಡಲಿನವರೆಗೆ

ಮೈಸೂರು ನಗರದ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ ಹಬ್ಬಿಕೊಂಡಿರುವ ಬಡಾವಣೆಗೆ ಯಾದವಗಿರಿ ಎಂದು ಹೆಸರು. ಮೇಲುಕೋಟೆಗೂ ಯಾದವಗಿರಿಯೆಂಬ ಪ್ರಾಚೀನ ನಾಮವಿರುವುದು ಸರ್ವವಿದಿತ. ಯದುವಂಶದವರೆಂದು ಹೇಳಿಕೊಂಡ ಅರಸರ ರಾಜಧಾನಿಯಲ್ಲಿ ಆ ಹೆಸರು ಮತ್ತೊಮ್ಮೆ ಕಾಣಿಸಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿ ಶ್ರೀ ರಾಮಕೃಷ್ಣ ಆಶ್ರಮವಿದೆ. ೧೯೫೩ರಲ್ಲಿ ಆರಂಭವಾದ, ಬಾಲಕರಿಗೆ ವಸತಿಯೊಡನೆ ವಿದ್ಯೆ ನೀಡುವ ಶ್ರೀ ರಾಮಕೃಷ್ಣ ವಿದ್ಯಾಶಾಲೆಯಿದೆ. ಆಕಾಶವಾಣಿಯ ಮೈಸೂರು ನಿಲಯವಿದೆ. ಆಂಗ್ಲಭಾಷೆಯ ಕಾದಂಬರಿಕಾರರಾಗಿ ಲೋಕಪ್ರಸಿದ್ಧರಾದ ಆರ್. ಕೆ. ನಾರಾಯಣ್ ಅವರು ಬಹುಕಾಲ ವಾಸವಾಗಿದ್ದ ಮನೆಯೂ ಇಲ್ಲಿಯೇ ಇದೆ. ಒಡೆದು ಹೋಗುವ ಸ್ಥಿತಿಯಲ್ಲಿದ್ದ ಆ ಮನೆಯನ್ನು ಉಳಿಸಿಕೊಂಡು, ೨೦೧೬ರಲ್ಲಿ ಅದನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು.

ಈ ಮನೆಯ ಯಜಮಾನರು ರಾಜ್ಯಸಭೆಗೆ ನಾಮಕರಣಗೊಂಡ ಸದಸ್ಯರಾಗಿದ್ದಾಗ, ೧೯೮೯ರಲ್ಲಿ, ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಸಾಹಿತ್ಯವೂ ಅಲ್ಲ, ರಾಜಕಾರಣವೂ ಅಲ್ಲ. ಶಾಲೆಗೆ ಹೋಗುವ ಎಳೆಯ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಚೀಲ. ಅದೇ ಮೈಸೂರು ಜಿಲ್ಲೆಯಲ್ಲಿ, ಈ ಭಾಷಣಕ್ಕೆ ಹದಿನಾಲ್ಕು ವರ್ಷ ಮೊದಲು, ಕಾವೇರಿ-ಕಪಿಲೆಯರ ಸಂಗಮಕ್ಷೇತ್ರವಾದ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ ಕರ್ನಾಟಕದ ಪ್ರಥಮ ಅಂಗನವಾಡಿಗಳು ತೆರೆದಿದ್ದುವು. ಒಂದು ಕಡೆ ಭಾರ ಹೊತ್ತು ಬಾಗಿದ ಪಟ್ಟಣದ ಮಗು. ಇನ್ನೊಂದು ಕಡೆ ಪಾಟಿಯೇ ಕಾಣದ ಹಳ್ಳಿಯ ಮಗು. ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ ಸಮಸ್ಯೆಗಳೆಂದು ತೋರುತ್ತವೆ. ಇತಿಹಾಸವನ್ನು ಪರ್ಯಾಲೋಚಿಸಿದರೆ ಎರಡಕ್ಕೂ ಮೂಲ ಒಂದೇ ಎಂಬುದು ಸ್ಪಷ್ಟವಾಗುತ್ತದೆ. ಆರು ವರ್ಷ ತುಂಬದ ಮಗುವಿನ ಕಲಿಕೆಯನ್ನು ರಾಜ್ಯವು ಯಾವಾಗಲೂ ತನ್ನ ಔದಾರ್ಯದ ವಿಷಯವೆಂದು ಭಾವಿಸಿತೇ ಹೊರತು, ತನ್ನ ಹೊಣೆಯೆಂದು ಬೊಕ್ಕಸದ ಲೆಕ್ಕದಲ್ಲಿ ಬರೆದುಕೊಳ್ಳಲಿಲ್ಲ. ಈ ಮಾತನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೂಲಿಮಠದ ಕಾಲ

ಸರ್ಕಾರದ ಶಾಲೆಗಳು ಬರುವುದಕ್ಕೆ ಮುಂಚೆ ನಾಡಿನ ಹಳ್ಳಿಹಳ್ಳಿಗಳಲ್ಲಿ ಅಕ್ಷರವಿದ್ಯೆಯನ್ನು ಕಾಪಾಡಿಕೊಂಡು ಬಂದವು ಕೂಲಿಮಠಗಳು. ಊರ ಮಠದ ಜಗಲಿ, ಗುಡಿಯ ಪೌಳಿ, ಸ್ಥಿತಿವಂತರ ಪಡಸಾಲೆ ಇವೇ ಅವುಗಳ ಕಟ್ಟಡಗಳು. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಮಗ್ಗಿಯನ್ನು ಗುಂಪಾಗಿ ಹೇಳುವುದು, ಪದ್ಯಗಳನ್ನು ಬಾಯಿಪಾಠ ಮಾಡುವುದು, ಕಾಗದ ಪತ್ರ ಓದುವಷ್ಟು ಲೌಕಿಕ ಜ್ಞಾನ ಪಡೆಯುವುದು - ಇಷ್ಟೇ ಪಠ್ಯಕ್ರಮ. ಉಪಾಧ್ಯಾಯರನ್ನು ಅನೇಕ ಕಡೆ ಐಗಳೆಂದು ಕರೆಯುತ್ತಿದ್ದರು. ಅವರಲ್ಲಿ ಜಂಗಮರೂ ಬಹುಮಂದಿ ಇದ್ದರು. ವೀರಶೈವ ಮಠಗಳಿಗೂ ನಾಡಿನ ಅಕ್ಷರಪರಂಪರೆಗೂ ಇರುವ ನಂಟು ಇಂಥ ಹೆಸರಿಲ್ಲದ ಐಗಳ ಮೂಲಕ ಬೆಳೆದುಬಂದುದು.

ಈ ಐಗಳ ಜೀವನೋಪಾಯವೇನು ಎಂಬುದು ಇಲ್ಲಿ ವಿಚಾರಾರ್ಹ. ಕೂಲಿಮಠವೆಂಬ ಹೆಸರೇ ಹೇಳುವಂತೆ, ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯೇ ಅವರಿಗೆ ಆಧಾರ. ಸುಗ್ಗಿಯ ಕಾಲದಲ್ಲಿ ದವಸ, ಹಬ್ಬಹರಿದಿನಗಳಲ್ಲಿ ಕಾಣಿಕೆ. ಮಹಾನವಮಿಯ ದಿನಗಳಲ್ಲಿ ಉಪಾಧ್ಯಾಯರು ಮಕ್ಕಳನ್ನು ಅಲಂಕರಿಸಿ, ಮನೆಮನೆಗೆ ಕರೆದೊಯ್ದು ಚೌಪದಗಳನ್ನು ಹಾಡಿಸಿ, ಮನೆಯವರು ಸಂತೋಷದಿಂದ ಕೊಟ್ಟುದನ್ನು ಸ್ವೀಕರಿಸುವ ಪದ್ಧತಿಯಿತ್ತು. ಅದರಲ್ಲಿ ಸೊಗಸೂ ಇತ್ತು, ಊರಿಗೂ ಶಾಲೆಗೂ ಇದ್ದ ಆತ್ಮೀಯತೆಯೂ ಇತ್ತು. ಆದರೆ ಕೊಡಲಾರದವರ ಮಗು ಆ ಜಗಲಿಯನ್ನು ಏರುವುದು ದುರ್ಲಭವಾಗಿತ್ತು. ಜಾತಿಯ ಕಾರಣದಿಂದ ಹೊರಗಿಡಲ್ಪಟ್ಟವರಿಗೂ, ಬಹುಪಾಲು ಹೆಣ್ಣುಮಕ್ಕಳಿಗೂ ಅದು ಮುಚ್ಚಿದ ಬಾಗಿಲೇ ಆಗಿತ್ತು. ಊರಿನ ಸಂತೋಷವನ್ನು ನಂಬಿದ ವಿದ್ಯೆ ಊರಿನ ಸಂಕೋಚವನ್ನೂ ಹೊತ್ತುಕೊಳ್ಳಬೇಕಾಯಿತು.

ಮೈಸೂರು ಸಂಸ್ಥಾನವು ಈ ಕೊರತೆಯನ್ನು ಮನಗಂಡು ಮುಂದೆ ಹೆಜ್ಜೆಯಿಟ್ಟ ಸಂಸ್ಥಾನಗಳಲ್ಲಿ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣ ನಿಬಂಧನೆ ಜಾರಿಗೆ ಬಂದಿತು. ಕಡ್ಡಾಯ ಶಿಕ್ಷಣವೆಂಬ ಕಲ್ಪನೆ ಶಾಸನದ ರೂಪ ಪಡೆಯಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ಹೀಗೆ ವಿದ್ಯೆಯ ಸೋಪಾನದಲ್ಲಿ ನಡುವಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಸರ್ಕಾರ ಕಟ್ಟಿತು. ಮೊದಲ ಮೆಟ್ಟಿಲು ಮಾತ್ರ ಮನೆಯ ಹೊಸಿಲಿನ ಒಳಗೇ ಉಳಿಯಿತು.

ಅದಕ್ಕೆ ಆ ಕಾಲದಲ್ಲಿ ಕಾರಣವಿಲ್ಲದೆ ಇರಲಿಲ್ಲ. ಅವಿಭಕ್ತ ಕುಟುಂಬದ ಮನೆ ತಾನೇ ಒಂದು ಶಿಶುವಿಹಾರವಾಗಿತ್ತು. ಅಜ್ಜಿಯ ಕಥೆ, ಒಗಟು, ಜೋಗುಳ, ಚೌಕಾಬಾರ, ಅಳಗುಳಿಮಣೆ ಇವುಗಳಲ್ಲಿ ಭಾಷೆ, ಎಣಿಕೆ, ನಿಯಮಪಾಲನೆ ಎಲ್ಲವೂ ಅಡಗಿದ್ದುವು. ಆದರೆ ಈ ಚಿತ್ರವು ಉಂಡುಡಲು ಇದ್ದವರ ಮನೆಯ ಚಿತ್ರವೆಂಬುದನ್ನು ಮರೆಯಲಾಗದು. ಕಳೆ ಕೀಳಲು, ನಾಟಿ ಹಾಕಲು, ಕಲ್ಲು ಹೊರಲು ಬೆಳಗಾಗುವ ಮುನ್ನ ಹೊರಡುವ ತಾಯಿಯ ಕೂಸನ್ನು ನೋಡಿಕೊಂಡವಳು ಅಜ್ಜಿಯಲ್ಲ, ಏಳೆಂಟು ವರ್ಷದ ಅಕ್ಕ. ಆ ಕೂಸಿಗೆ ಕಲಿಕೆಯೂ ದೊರೆಯಲಿಲ್ಲ. ಅಕ್ಕನಿಗೆ ಶಾಲೆಯೂ ದೊರೆಯಲಿಲ್ಲ. ಶಿಶುವಿನ ಪೋಷಣೆಯನ್ನು ಮನೆಗೆ ಬಿಟ್ಟರೆ ಅದರ ಬೆಲೆಯನ್ನು ಹೆಣ್ಣುಮಗು ತೆರಬೇಕಾಗುತ್ತದೆ. ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಅಂಶವಿದು.

ಹೊಸ ವಿಚಾರದ ಉದಯ

ಮೂರು ವರ್ಷದ ಮಗುವಿಗೂ ಒಂದು ಶಿಕ್ಷಣಶಾಸ್ತ್ರ ಬೇಕು ಎಂಬ ವಿಚಾರ ಜರ್ಮನಿಯ ಫ್ರೋಬೆಲ್ ಅವರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದಿತು. ೧೯೦೭ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಡಾ. ಮರಿಯಾ ಮಾಂಟೆಸೊರಿ ಅವರು ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಇಂದು ಮಾಂಟೆಸೊರಿ ಎಂಬುದು ಶ್ರೀಮಂತರ ಬಡಾವಣೆಗಳ ಫಲಕಗಳ ಮೇಲಿನ ಹೆಸರಾಗಿದೆ. ಅದು ಹುಟ್ಟಿದ್ದು ದುಡಿಯಲು ಹೋದ ಕೂಲಿಕಾರರ ಮಕ್ಕಳಿಗಾಗಿ ಎಂಬುದು ವಿಸ್ಮೃತವಾಗಿದೆ.

ಭಾರತದಲ್ಲಿ ಈ ವಿಚಾರವನ್ನು ನೆಲದ ಸ್ವಭಾವಕ್ಕೆ ಹೊಂದಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ. ೧೯೨೦ರಲ್ಲಿ ಭಾವನಗರದಲ್ಲಿ ಅವರು ಬಾಲಮಂದಿರವನ್ನು ಆರಂಭಿಸಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಬಂದು, ಅನಂತರ ಕೋಸಬಾಡದಲ್ಲಿ, ಅನುತಾಯಿ ವಾಘ್ ಅವರೊಡನೆ ಆದಿವಾಸಿ ಮಕ್ಕಳ ನಡುವೆ ದುಡಿದರು. ಶಾಲೆಗೆ ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂಬುದು ಅವರ ಪ್ರಯೋಗದ ಸಾರ. ಅಂಗಣದಿಂದ ಬಂದ ಅಂಗನವಾಡಿ ಎಂಬ ಮಾತಿನ ಹಿಂದೆ ಈ ತತ್ತ್ವವಿದೆ. ಕರ್ನಾಟಕದಲ್ಲಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಸ್ಥಾಪಿಸಿ, ಮಕ್ಕಳ ಆಟ-ಪಾಠ-ಕಲೆಗಳಿಗೆ ಒಂದು ಸಾರ್ವಜನಿಕ ನೆಲೆಯನ್ನು ಕಲ್ಪಿಸಿದುದು ಸ್ಮರಣೀಯ. ಇವರೆಲ್ಲರೂ ವ್ಯಕ್ತಿಗಳಾಗಿ ದುಡಿದು ದಾರಿ ತೋರಿಸಿದರು. ದಾರಿಯನ್ನು ರಾಜಮಾರ್ಗ ಮಾಡುವ ಹೊಣೆ ರಾಜ್ಯಕ್ಕೆ ಸೇರಿದುದು.

ರಾಜ್ಯಕ್ಕೆ ಸಲಹೆಗಳ ಕೊರತೆಯಿರಲಿಲ್ಲ. ೧೯೪೪ರ ಸಾರ್ಜೆಂಟ್ ವರದಿಯು ಶಾಲಾಪೂರ್ವ ಶಿಕ್ಷಣವು ಉಚಿತವಾಗಿರಬೇಕೆಂದು ಹೇಳಿ, ಹತ್ತು ಲಕ್ಷ ಮಕ್ಕಳಿಗೆ ಅವಕಾಶ ಕಲ್ಪಿಸಲು ಸೂಚಿಸಿತು. ೧೯೬೪-೬೬ರ ಕೊಠಾರಿ ಆಯೋಗವು ೧೯೮೬ರ ವೇಳೆಗೆ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಶೇಕಡಾ ೫ರಷ್ಟು, ಐದರಿಂದ ಆರು ವರ್ಷದವರಲ್ಲಿ ಶೇಕಡಾ ೫೦ರಷ್ಟು ಮಂದಿಗೆ ಶಾಲಾಪೂರ್ವ ಶಿಕ್ಷಣ ದೊರೆಯಲೆಂದು ಗುರಿಯಿಟ್ಟಿತು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇಕಡಾ ೬ರಷ್ಟು ಮೀಸಲಾಗಬೇಕೆಂಬ ಪ್ರಸಿದ್ಧವಾದ ಮಾತೂ ಅದೇ ಆಯೋಗದ್ದು. ಈ ಮಾತನ್ನು ೧೯೬೮, ೧೯೮೬ ಹಾಗೂ ೨೦೨೦ರ ಮೂರು ರಾಷ್ಟ್ರೀಯ ನೀತಿಗಳೂ ಪುನರುಚ್ಚರಿಸಿವೆ. ಮಾಡಿದ ಸಂಕಲ್ಪವನ್ನೇ ಮತ್ತೆ ಮತ್ತೆ ಮಾಡಬೇಕಾಗಿ ಬಂದರೆ ಆಚರಣೆಯಲ್ಲಿ ಲೋಪವಿದೆಯೆಂದೇ ಅರ್ಥ.

ಸಂವಿಧಾನದ ಮಾತು

ಶಾಸನದ ದೃಷ್ಟಿಯಿಂದ ಈ ಪ್ರಶ್ನೆಯ ಚರಿತ್ರೆ ಇನ್ನೂ ಕುತೂಹಲಕರವಾಗಿದೆ. ಸಂವಿಧಾನದ ಕರಡಿನ ೩೬ನೆಯ ಅನುಚ್ಛೇದವು ಪ್ರತಿಯೊಬ್ಬ ಪ್ರಜೆಗೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಂಟೆಂಬ ಮಾತಿನಿಂದ ಆರಂಭವಾಗುತ್ತಿತ್ತು. ೧೯೪೮ರ ನವೆಂಬರ್ ತಿಂಗಳಲ್ಲಿ ಸಂವಿಧಾನ ಸಭೆಯು ಅದನ್ನು ಚರ್ಚಿಸಿದಾಗ, ನಿರ್ದೇಶಕ ತತ್ತ್ವಗಳ ಭಾಗದಲ್ಲಿ ಹಕ್ಕಿನ ಮಾತು ಸಲ್ಲದೆಂಬ ಕಾರಣಕ್ಕೆ ಆ ವಾಕ್ಯಭಾಗವನ್ನು ತೆಗೆದುಹಾಕಲಾಯಿತು. ಅದೇ ಚರ್ಚೆಯಲ್ಲಿ ಶಿಕ್ಷಣವೆಂಬ ಪದವನ್ನು ಪ್ರಾಥಮಿಕ ಶಿಕ್ಷಣವೆಂದು ಸಂಕುಚಿತಗೊಳಿಸಲು ಬಂದ ತಿದ್ದುಪಡಿಯನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರು ಒಪ್ಪಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದೆಂದು ಸಂವಿಧಾನವೇ ಹೇಳಿದ ಮೇಲೆ, ಆ ವಯಸ್ಸಿನವರೆಗೂ ಮಗುವು ವಿದ್ಯಾಸಂಸ್ಥೆಯಲ್ಲಿರಬೇಕೆಂಬುದು ಅವರ ವಾದ.

ಹೀಗೆ ರೂಪುಗೊಂಡ ೪೫ನೆಯ ಅನುಚ್ಛೇದದಲ್ಲಿ ಒಂದು ವಿಶೇಷವಿದೆ. ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಯತ್ನಿಸತಕ್ಕದ್ದು ಎಂದು ಅದು ಹೇಳಿತು. ಮೇಲಿನ ಮಿತಿಯನ್ನು ಹೇಳಿತೇ ಹೊರತು ಕೆಳಗಿನ ಮಿತಿಯನ್ನು ಹೇಳಲಿಲ್ಲ. ಮೂರು ವರ್ಷದ ಮಗುವೂ ಆ ವಾಕ್ಯದ ಒಳಗೇ ಇತ್ತು. ೧೯೯೩ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿದಾಗಲೂ ಕೆಳಗಿನ ಮಿತಿಯೊಂದನ್ನು ವಿಧಿಸಲಿಲ್ಲ. ಆದರೆ ೨೦೦೨ರ ೮೬ನೆಯ ತಿದ್ದುಪಡಿಯು ಹಕ್ಕಿನ ಸೀಮೆಯನ್ನು ಆರರಿಂದ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿತು. ಆರು ವರ್ಷ ತುಂಬದ ಶಿಶುಗಳನ್ನು ಹೊಸ ೪೫ನೆಯ ಅನುಚ್ಛೇದಕ್ಕೆ ಸೇರಿಸಿ, ಅವರ ಆರೈಕೆ ಮತ್ತು ಶಿಕ್ಷಣಕ್ಕಾಗಿ ರಾಜ್ಯವು ಯತ್ನಿಸತಕ್ಕದ್ದು ಎಂದು ಹೇಳಿತು. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ೧೧ನೆಯ ಪ್ರಕರಣವು ಮೂರರಿಂದ ಆರು ವರ್ಷದ ಮಕ್ಕಳಿಗೆ ಸರ್ಕಾರವು ಅವಶ್ಯ ವ್ಯವಸ್ಥೆಯನ್ನು ಮಾಡಬಹುದು ಎನ್ನುತ್ತದೆ. ತಕ್ಕದ್ದು ಎಂಬ ಕ್ರಿಯಾಪದಕ್ಕೂ ಬಹುದು ಎಂಬ ಕ್ರಿಯಾಪದಕ್ಕೂ ಇರುವ ಅಂತರವನ್ನು ವ್ಯಾಕರಣ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಬಹುದು ಎಂಬುದಕ್ಕೆ ಆಯವ್ಯಯದಲ್ಲಿ ಹಣ ತೆಗೆದಿರಿಸಲೇಬೇಕೆಂಬ ನಿರ್ಬಂಧವಿಲ್ಲ. ಚಿಕ್ಕ ಮಕ್ಕಳ ಭಾಗ್ಯವು ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ತಿರುಮಕೂಡಲಿನ ಅಂಗಳಗಳು

೧೯೭೪ರ ಆಗಸ್ಟ್ ತಿಂಗಳಲ್ಲಿ ಭಾರತ ಸರ್ಕಾರವು ಮಕ್ಕಳಿಗಾಗಿ ರಾಷ್ಟ್ರೀಯ ನೀತಿಯನ್ನು ಅಂಗೀಕರಿಸಿತು. ಅದರ ಫಲವಾಗಿ ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದ ಒಂದು ಯೋಜನೆಗೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ನೂರು ಅಂಗನವಾಡಿ ಕೇಂದ್ರಗಳೊಡನೆ ಅಲ್ಲಿ ಕಾರ್ಯ ಮೊದಲಾಯಿತು. ನೀರಾವರಿಯ ಗದ್ದೆಗಳಲ್ಲಿ ಹೆಂಗಸರ ದುಡಿಮೆಯನ್ನು ನೆಚ್ಚಿದ ಸೀಮೆಯಲ್ಲಿ ಮಗುವನ್ನು ಒಪ್ಪಿಸಿಹೋಗಲು ಒಂದು ತಾವು ದೊರೆತುದು ಸಾಮಾನ್ಯ ಸಂಗತಿಯಲ್ಲ. ಇಂದು ರಾಜ್ಯದಲ್ಲಿ ಅಂಗನವಾಡಿಗಳ ಸಂಖ್ಯೆ ೬೫ ಸಾವಿರವನ್ನು ಮೀರಿದೆ. ಸರ್ವೋಚ್ಚ ನ್ಯಾಯಾಲಯವು ೨೦೦೧ರಿಂದ ಆಹಾರದ ಹಕ್ಕಿನ ಪ್ರಕರಣದಲ್ಲಿ ಕೊಟ್ಟ ಆದೇಶಗಳೂ, ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಅಂಗನವಾಡಿಯ ಊಟಕ್ಕೆ ಶಾಸನದ ಬಲವನ್ನು ತಂದಿವೆ. ಕರ್ನಾಟಕವು ೨೦೧೩ರಲ್ಲಿ ಕ್ಷೀರಭಾಗ್ಯ ಯೋಜನೆಯ ಮೂಲಕ ಆ ಮಕ್ಕಳಿಗೆ ಹಾಲನ್ನೂ ಕೊಟ್ಟಿತು. ಇವು ಮೆಚ್ಚತಕ್ಕ ಸಾಧನೆಗಳು.

ಆದರೂ ಒಂದು ಭೇದವನ್ನು ಗುರುತಿಸಬೇಕು. ಯೋಜನೆಯಲ್ಲಿ ಆರು ಸೇವೆಗಳಿವೆ: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸಿಕೊಡುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಮತ್ತು ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಊಟಕ್ಕೆ ಕಾಯಿದೆಯ ಬೆಂಬಲವಿದೆ, ಲೆಕ್ಕವಿದೆ, ತಪಾಸಣೆಯಿದೆ. ಪಾಠಕ್ಕೆ ಅಷ್ಟು ಬಲವಾದ ಆಸರೆಯಿಲ್ಲ. ಮಗುವಿನ ತೂಕವನ್ನು ತಿಂಗಳಿಗೊಮ್ಮೆ ಬರೆಯುವ ಪುಸ್ತಕವಿದೆ. ಮಗುವಿನ ಮಾತು ಎಷ್ಟು ಬೆಳೆಯಿತೆಂದು ಕೇಳುವವರು ವಿರಳ. ಚಿಲಿಪಿಲಿ ಎಂಬ ಸೊಗಸಾದ ಹೆಸರಿನ ಪಠ್ಯಕ್ರಮವನ್ನು ರಾಜ್ಯವು ರೂಪಿಸಿಕೊಂಡಿದ್ದರೂ, ಅದನ್ನು ಕಲಿಸಬೇಕಾದ ಕಾರ್ಯಕರ್ತೆಯು ಅಡುಗೆಯ ಉಸ್ತುವಾರಿ, ಮನೆಭೇಟಿ, ದಾಖಲೆ, ಸಮೀಕ್ಷೆ ಇವುಗಳ ನಡುವೆ ಉಳಿದ ವೇಳೆಯಲ್ಲಿ ಕಲಿಸಬೇಕಾಗಿದೆ. ಇನ್ನು ಊಟದ ಲೆಕ್ಕವೂ ಉದಾರವಲ್ಲ. ೨೦೧೭ರಲ್ಲಿ ಪರಿಷ್ಕರಿಸಿದ ಕೇಂದ್ರದ ದರದಂತೆ ಒಂದು ಮಗುವಿಗೆ ದಿನಕ್ಕೆ ೮ ರೂಪಾಯಿ.

ಯಾದವಗಿರಿಯ ದನಿ

ತಿರುಮಕೂಡಲಿನಲ್ಲಿ ಸರ್ಕಾರದ ಕೈ ಹೀಗೆ ಬಿಗಿಯಾಗಿದ್ದಾಗ ಪಟ್ಟಣಗಳಲ್ಲಿ ಬೇರೊಂದು ಬೆಳವಣಿಗೆ ನಡೆಯುತ್ತಿತ್ತು. ಅನುಕೂಲಸ್ಥರು ಅಂಗನವಾಡಿಯನ್ನು ಬಡವರ ಸ್ಥಳವೆಂದು ತಿಳಿದು, ಹಣ ತೆತ್ತು ನರ್ಸರಿ ಶಾಲೆಗಳಿಗೆ ಮಕ್ಕಳನ್ನು ಕಳುಹಿಸತೊಡಗಿದರು. ರಾಜ್ಯವು ತೆರೆಯದ ಬಾಗಿಲನ್ನು ಸಂತೆ ತೆರೆಯಿತು. ಸಂತೆಯಲ್ಲಿ ಪೈಪೋಟಿ ಸಹಜ. ಯಾರ ಶಾಲೆಯಲ್ಲಿ ಮಗು ಬೇಗ ಬರೆಯುತ್ತದೆ, ಯಾರಲ್ಲಿ ಹೆಚ್ಚು ಪುಸ್ತಕಗಳಿವೆ ಎಂಬುದು ಹಿರಿಮೆಯ ಅಳತೆಗೋಲಾಯಿತು. ಮೂರು ವರ್ಷದ ಮಗುವಿಗೂ ಪ್ರವೇಶ ಪರೀಕ್ಷೆ ಬಂದಿತು.

ನಾರಾಯಣ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿ ಇಂಥ ವ್ಯವಸ್ಥೆಯ ವಿರುದ್ಧವೇ. ಬೆಳಗ್ಗೆ ಎಬ್ಬಿಸಿ, ತಯಾರು ಮಾಡಿ, ಹೊರೆ ಹೊರಿಸಿ ಕಳುಹಿಸುವ ದಿನಚರಿಯಲ್ಲಿ ಬಾಲ್ಯವೇ ಕಳೆದುಹೋಗುತ್ತಿದೆ, ಬೆನ್ನು ಬಾಗುತ್ತಿದೆ ಎಂದು ಅವರು ವಿನೋದವೂ ವಿಷಾದವೂ ಬೆರೆತ ಮಾತುಗಳಲ್ಲಿ ಹೇಳಿದರು. ೧೯೩೫ರ ತಮ್ಮ ಪ್ರಥಮ ಕಾದಂಬರಿಯಲ್ಲಿಯೇ ಶಾಲೆಗೆ ಅಂಜುವ ಹುಡುಗನ ಮನಸ್ಸನ್ನು ಚಿತ್ರಿಸಿದ್ದ ಲೇಖಕರು, ಎಂಬತ್ತು ದಾಟಿದ ಮೇಲೆ ಶಾಸನಸಭೆಯಲ್ಲಿ ಅದೇ ಹುಡುಗನ ಪರವಾಗಿ ನಿಂತರು. ಮಾತು ವ್ಯರ್ಥವಾಗಲಿಲ್ಲ. ೧೯೯೨ರಲ್ಲಿ ವಿಜ್ಞಾನಿ ಪ್ರೊಫೆಸರ್ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ೧೯೯೩ರ ಜುಲೈನಲ್ಲಿ ಹೊರೆಯಿಲ್ಲದ ಕಲಿಕೆ ಎಂಬ ಅರ್ಥದ ಶೀರ್ಷಿಕೆಯ ವರದಿಯನ್ನು ಒಪ್ಪಿಸಿತು.

ಆ ವರದಿಯ ತಿರುಳು ಎರಡು ಮಾತುಗಳಲ್ಲಿದೆ. ಚೀಲದ ಭಾರಕ್ಕಿಂತ ಹಾನಿಕರವಾದುದು ಅರ್ಥವಾಗದಿರುವಿಕೆಯ ಭಾರ ಎಂಬುದು ಮೊದಲನೆಯದು. ಶಿಶುಶಾಲೆಗಳನ್ನು ತೆರೆಯುವುದಕ್ಕೂ ನಡೆಸುವುದಕ್ಕೂ ಶಾಸನದ ಹಾಗೂ ಆಡಳಿತದ ನಿಯಂತ್ರಣವಿರಬೇಕು, ನರ್ಸರಿ ಪ್ರವೇಶಕ್ಕೆ ಪರೀಕ್ಷೆ ಸಂದರ್ಶನಗಳು ಕೂಡದು ಎಂಬುದು ಎರಡನೆಯದು. ಸಾರ್ವಜನಿಕರ ನೆನಪಿನಲ್ಲಿ ಉಳಿದುದು ಚೀಲದ ತೂಕ ಮಾತ್ರ. ಕರ್ನಾಟಕದಲ್ಲಿಯೂ ೨೦೧೯ರಲ್ಲಿ ಒಂದು ಮತ್ತು ಎರಡನೆಯ ತರಗತಿಯ ಚೀಲವು ೨ ಕಿಲೋಗ್ರಾಮನ್ನು ಮೀರಬಾರದೆಂಬ ಆದೇಶ ಹೊರಟಿತು. ಭಾರವನ್ನು ತಕ್ಕಡಿಯಲ್ಲಿ ತೂಗುವುದು ಸುಲಭ. ಭಾರ ಎಲ್ಲಿಂದ ಬಂದಿತೆಂದು ಕೇಳಿದರೆ ಉತ್ತರ ಸರ್ಕಾರದ ಕಡೆಗೇ ತಿರುಗುತ್ತದೆ. ನೆರೆಯಲ್ಲಿ ಉಚಿತವಾದ, ಒಳ್ಳೆಯ ಶಿಶುಶಾಲೆಯಿದ್ದರೆ ಎಷ್ಟು ತಂದೆತಾಯಿಗಳು ಸಂತೆಯ ಪೈಪೋಟಿಗೆ ಮಗುವನ್ನು ದೂಡುತ್ತಿದ್ದರು? ಯಾದವಗಿರಿಯ ಲೇಖಕರು ಕಂಡ ಬಾಗಿದ ಬೆನ್ನೂ ತಿರುಮಕೂಡಲಿನ ಬರಿಗೈಯೂ ಒಂದೇ ಅಭಾವದ ಎರಡು ಮುಖಗಳು.

ಕಾಯಕ ಮತ್ತು ಗೌರವಧನ

ಈ ಅಭಾವವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಂಗನವಾಡಿಯ ಕಾರ್ಯಕರ್ತೆಗೆ ಸಲ್ಲುವ ಪ್ರತಿಫಲದಲ್ಲಿ. ಅದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆನ್ನುತ್ತಾರೆ. ೨೦೧೮ರ ಅಕ್ಟೋಬರ್‌ನಿಂದ ಕೇಂದ್ರವು ಅದನ್ನು ಕಾರ್ಯಕರ್ತೆಗೆ ತಿಂಗಳಿಗೆ ೩,೦೦೦ದಿಂದ ೪,೫೦೦ ರೂಪಾಯಿಗೂ ಸಹಾಯಕಿಗೆ ೧,೫೦೦ರಿಂದ ೨,೨೫೦ ರೂಪಾಯಿಗೂ ಏರಿಸಿತು. ರಾಜ್ಯಗಳು ತಮ್ಮ ಪಾಲನ್ನು ಬೇರೆಯಾಗಿ ಸೇರಿಸುತ್ತವೆ. ಕರ್ನಾಟಕವೂ ೨೦೨೫ರ ಆಯವ್ಯಯದಲ್ಲಿ ಅದನ್ನು ಹೆಚ್ಚಿಸಿತು. ಹೀಗಿದ್ದರೂ ಹೆಸರು ಬದಲಾಗಲಿಲ್ಲ. ಗೌರವಧನ ಪಡೆಯುವವರು ಸ್ವಯಂಸೇವಕರೆಂಬ ಭಾವನೆಯಿಂದ ನೌಕರಿಯ ಇತರ ರಕ್ಷಣೆಗಳು ಅವರಿಗೆ ದೂರವಾದುವು. ೨೦೨೨ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಮಣಿಬೇನ್ ಪ್ರಕರಣದಲ್ಲಿ ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಉಪದಾನ ಪಡೆಯುವ ಹಕ್ಕುಂಟೆಂದು ತೀರ್ಪಿತ್ತಿತು. ಯೋಜನೆ ಆರಂಭವಾಗಿ ನಲವತ್ತಾರು ವರ್ಷಗಳಾದ ಮೇಲೆ ದೊರೆತ ಮನ್ನಣೆಯಿದು.

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗದಿರದು. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆವಶ್ಯಕತೆಗಿಂತ ಹೆಚ್ಚು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಎಚ್ಚರಿಸಿದಳು. ತನ್ನ ಕಾಯಕಕ್ಕೆ ಸಲ್ಲುವುದಕ್ಕಿಂತ ಮಿಗಿಲಾದುದನ್ನು ತೆಗೆದುಕೊಳ್ಳಬಾರದೆಂಬುದನ್ನೇ ಈ ಪ್ರಸಂಗದಿಂದ ಸಾಮಾನ್ಯವಾಗಿ ಎತ್ತಿ ಹೇಳುವುದುಂಟು. ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೆಚ್ಚು ಪಡೆಯುವುದು ಕಾಯಕಕ್ಕೆ ಲೋಪವಾದರೆ, ಪರರ ಕಾಯಕವನ್ನು ಪಡೆದುಕೊಂಡು ಸಲ್ಲತಕ್ಕುದನ್ನು ಸಲ್ಲಿಸದಿರುವುದೂ ಲೋಪವೇ. ಸೇವೆಯೆಂದು ಹೊಗಳಿ ಕೂಲಿಯನ್ನು ಕುಗ್ಗಿಸುವುದು ಕಾಯಕತತ್ತ್ವಕ್ಕೆ ಒಪ್ಪತಕ್ಕುದಲ್ಲ. ಮಹಾನವಮಿಯ ಕಾಣಿಕೆಯನ್ನು ನಂಬಿ ಬದುಕಿದ ಐಗಳ ಸ್ಥಿತಿಗೂ ಗೌರವಧನವನ್ನು ನಂಬಿ ಬದುಕುವ ಈ ಮಹಿಳೆಯರ ಸ್ಥಿತಿಗೂ ಮೂಲದಲ್ಲಿ ಅಂತರ ಅಲ್ಪ: ಎರಡೂ ಕೊಡುವವರ ಸಂತೋಷಕ್ಕೆ ಕಟ್ಟುಬಿದ್ದವು.

ದಾನಕ್ಕೂ ದಾಸೋಹಕ್ಕೂ ಶರಣರು ಮಾಡಿದ ಭೇದವೂ ಇಲ್ಲಿ ಸಲ್ಲುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಕೊಡುವುದೂ ಬಿಡುವುದೂ ಕೊಡುವವನ ಇಷ್ಟ. ದಾಸೋಹದಲ್ಲಿ ತನ್ನದಲ್ಲದುದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವ ಕರ್ತವ್ಯವಿದೆ, ವಿನಯವಿದೆ. ಬೊಕ್ಕಸದ ಹಣ ಆಳುವವರದಲ್ಲ. ಶಿಶುವಿನ ವಿದ್ಯೆಗೆ ಅದರಿಂದ ತೆಗೆದಿಡುವ ಪಾಲು ದಾನವಾಗಬಾರದು.

ಆಕ್ಷೇಪಗಳು

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳನ್ನೂ ಪರಿಶೀಲಿಸಬೇಕು. ಮನೆಯೇ ಮೊದಲ ಪಾಠಶಾಲೆ, ಜನನಿಯೇ ಮೊದಲ ಗುರು ಎಂಬ ನಂಬಿಕೆ ಹಿರಿದು. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಶಿಶುಶಾಲೆಯು ತಾಯಿಯ ಸ್ಥಾನಕ್ಕೆ ಬರುವುದಲ್ಲ, ದುಡಿಯುವ ತಾಯಿಗೆ ಬೆಂಬಲವಾಗಿ ನಿಲ್ಲುವುದು. ಎಳೆಯ ಮಗುವನ್ನು ಓದಿಗೆ ಹಚ್ಚುವುದು ತಪ್ಪೆಂಬ ಆಕ್ಷೇಪವೂ ಯುಕ್ತವೇ. ಆದರೆ ಶಿಶುಶಿಕ್ಷಣವೆಂದರೆ ಒಂದನೆಯ ತರಗತಿಯನ್ನು ಕೆಳಗೆ ಎಳೆದು ತರುವುದಲ್ಲ. ಆಟ, ಹಾಡು, ಕಥೆ, ಮಣ್ಣು, ಬಣ್ಣ, ಮಾತುಕತೆ ಇವೇ ಅದರ ಪಠ್ಯ. ಇವುಗಳನ್ನು ಬಲ್ಲ ಶಿಕ್ಷಕಿ ಇಲ್ಲದೆಡೆಯಲ್ಲಿಯೇ ತಿದ್ದುವ ಪುಸ್ತಕಗಳು ರಾಶಿಯಾಗುತ್ತವೆ.

ಮಠಗಳೂ ಧರ್ಮಸಂಸ್ಥೆಗಳೂ ಈ ಕಾರ್ಯವನ್ನು ಕೈಗೊಳ್ಳಬಾರದೇಕೆ ಎಂದು ಕೇಳಬಹುದು. ಸುತ್ತೂರು, ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದ ಮಠಗಳು ಉಚಿತ ಪ್ರಸಾದನಿಲಯಗಳ ಮೂಲಕ ಅಸಂಖ್ಯಾತ ಬಡ ವಿದ್ಯಾರ್ಥಿಗಳ ಬಾಳನ್ನು ಬೆಳಗಿಸಿವೆ. ಆದರೆ ಹತ್ತು ಹನ್ನೆರಡು ವರ್ಷದ ಬಾಲಕನು ಮಠವನ್ನು ಅರಸಿ ಬರಬಲ್ಲನು. ಮೂರು ವರ್ಷದ ಕೂಸು ಬರಲಾರದು. ಅದು ನಡೆದು ಹೋಗುವಷ್ಟು ಸಮೀಪದಲ್ಲಿಯೇ ಅದರ ಶಾಲೆಯಿರಬೇಕು. ಪ್ರತಿಯೊಂದು ಊರಿನ ಪ್ರತಿಯೊಂದು ಕೇರಿಗೂ ತಲುಪಬಲ್ಲ ಶಕ್ತಿ ರಾಜ್ಯವೊಂದಕ್ಕೇ ಉಂಟು. ಧರ್ಮಸಂಸ್ಥೆಗಳು ನಿವೇಶನ ಕೊಡಬಹುದು, ಶಿಕ್ಷಕಿಯರಿಗೆ ತರಬೇತಿ ನೀಡಬಹುದು. ಹೊಣೆಯನ್ನು ಮಾತ್ರ ರಾಜ್ಯವು ಬಿಟ್ಟುಕೊಡಲಾಗದು.

ಹಣವೆಲ್ಲಿದೆ ಎಂಬುದು ಕೊನೆಯ ಆಕ್ಷೇಪ. ಅಮೆರಿಕದ ಮಿಷಿಗನ್ ಪ್ರಾಂತ್ಯದ ಇಪ್ಸಿಲ್ಯಾಂಟಿ ಪಟ್ಟಣದಲ್ಲಿ ೧೯೬೨ರಿಂದ ೧೯೬೭ರವರೆಗೆ ೧೨೩ ಬಡ ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಉತ್ತಮ ಶಿಶುಶಿಕ್ಷಣವನ್ನು ಕೊಟ್ಟು, ಅವರು ನಲವತ್ತು ವರ್ಷದವರಾಗುವವರೆಗೂ ಅವರ ಬಾಳನ್ನು ಪರಿಶೀಲಿಸಲಾಯಿತು. ಆ ಪಂಗಡದವರು ಓದಿನಲ್ಲಿ, ಗಳಿಕೆಯಲ್ಲಿ ಮುಂದಿದ್ದರು. ಅಪರಾಧಗಳಲ್ಲಿ ಸಿಲುಕಿದವರು ಅವರಲ್ಲಿ ಕಡಿಮೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಈ ವೆಚ್ಚದಿಂದ ಸಮಾಜಕ್ಕೆ ವರ್ಷಕ್ಕೆ ಶೇಕಡಾ ೭ರಿಂದ ೧೦ರಷ್ಟು ಪ್ರತಿಫಲ ದೊರೆತಿದೆಯೆಂದು ಲೆಕ್ಕ ಹಾಕಿದ್ದಾರೆ. ಒಂದು ಸಣ್ಣ ಪಟ್ಟಣದ ಫಲಿತಾಂಶವನ್ನು ಇಡೀ ನಾಡಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಈ ಹಣ ಕಳೆದುಹೋಗುವ ಹಣವಲ್ಲವೆಂದು ತಿಳಿಯಲು ಅದು ಸಾಕು.

ಮುಂದಿನ ದಾರಿ

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿಯ ಹಂತವೆಂದು ಕರೆದು, ೨೦೩೦ರೊಳಗೆ ಶಿಶುಶಿಕ್ಷಣವು ಸಾರ್ವತ್ರಿಕವಾಗಬೇಕೆಂದಿತು. ಕರ್ನಾಟಕವು ನೇಮಿಸಿದ ಪ್ರೊಫೆಸರ್ ಸುಖದೇವ್ ಥೋರಟ್ ಅವರ ಆಯೋಗವು ೨೦೨೫ರ ಆಗಸ್ಟ್‌ನಲ್ಲಿ ಒಪ್ಪಿಸಿದ ವರದಿಯಲ್ಲಿ ಎರಡು ವರ್ಷಗಳ ಪೂರ್ವಪ್ರಾಥಮಿಕ ಶಿಕ್ಷಣವನ್ನು ಶಾಲೆಯ ಚೌಕಟ್ಟಿನೊಳಗೆ ಸೇರಿಸಿದೆ. ಅನೇಕ ವಿಷಯಗಳಲ್ಲಿ ಭಿನ್ನವಾದ ಎರಡು ನೀತಿಗಳು ಇದರಲ್ಲಿ ಒಂದೇ ಕಡೆಗೆ ನೋಡುತ್ತಿರುವುದು ಶುಭಸೂಚನೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂದು ರಾಜ್ಯವು ೨೦೨೨ರಲ್ಲಿ ಹೊರಡಿಸಿದ ಆದೇಶದಿಂದ - ೨೦೨೫-೨೬ರ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು - ಅದಕ್ಕೆ ಹಿಂದಿನ ವರ್ಷಗಳಲ್ಲಿ ಮಗು ಎಲ್ಲಿರಬೇಕೆಂಬ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ.

ಉತ್ತರದಲ್ಲಿ ಗೊಂದಲವಿದೆ. ಸರ್ಕಾರಿ ಶಾಲೆಗಳಲ್ಲಿಯೇ ಶಿಶು ತರಗತಿಗಳನ್ನು ತೆರೆಯಲು ಹೊರಟಾಗ, ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಅಂಗನವಾಡಿಯ ಕಾರ್ಯಕರ್ತೆಯರು ತಮ್ಮ ಕೇಂದ್ರಗಳು ಬರಿದಾಗುತ್ತವೆಂಬ ಭೀತಿಯಿಂದ ಬೀದಿಗಿಳಿದರು. ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಸೆಣಸುವುದು ಉಚಿತವಲ್ಲ. ಶಾಲೆಯ ಆವರಣದಲ್ಲಿಯೇ ಅಂಗನವಾಡಿಯನ್ನು ನೆಲೆಗೊಳಿಸಿ, ಊಟ ಆರೋಗ್ಯಗಳಿಗೆ ಒಬ್ಬರು, ಕಲಿಕೆಗೆ ತರಬೇತಿ ಪಡೆದ ಇನ್ನೊಬ್ಬರು ಇರುವಂತೆ ಮಾಡಿದರೆ ಈ ವಿರೋಧ ಶಮನವಾದೀತು. ಅನುಭವವುಳ್ಳ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು ಮೇಲಕ್ಕೆ ತರುವುದು ನ್ಯಾಯ.

ಕನ್ನಡದ ಹಿತದೃಷ್ಟಿಯಿಂದಲೂ ಇದು ಅಗತ್ಯ. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಹೇರುವಂತಿಲ್ಲ. ಬಲವಂತದ ದಾರಿ ಮುಚ್ಚಿದ ಮೇಲೆ ಉಳಿದುದು ಆಕರ್ಷಣೆಯ ದಾರಿ. ಮೂರನೆಯ ವರ್ಷದಲ್ಲಿ ಕನ್ನಡದ ಹಾಡು ಕಥೆಗಳಿಂದ ತುಂಬಿದ, ತಂದೆತಾಯಿಗಳು ತಾವಾಗಿ ಬಯಸಿ ಬರುವಂಥ ಶಿಶುಶಾಲೆಯನ್ನು ಸರ್ಕಾರ ನಡೆಸಿದರೆ ಭಾಷೆಯ ಬೇರಿಗೆ ನೀರೆರೆದಂತಾಗುತ್ತದೆ. ವಚನಗಳನ್ನು ಓದುವವರು ಮುಂದೆಯೂ ಇರಬೇಕಾದರೆ ಕನ್ನಡದಲ್ಲಿ ತೊದಲುವವರು ಮೊದಲು ಇರಬೇಕು.

ಒಟ್ಟಿನಲ್ಲಿ ಆಗಬೇಕಾದುವು ಮೂರು. ಶಿಕ್ಷಣ ಹಕ್ಕು ಕಾಯಿದೆಯ ೧೧ನೆಯ ಪ್ರಕರಣದ ಬಹುದು ಎಂಬುದು ತಕ್ಕದ್ದು ಎಂದಾಗಬೇಕು. ಹಕ್ಕಿನ ಸೀಮೆ ಮೂರನೆಯ ವರ್ಷಕ್ಕೆ ಇಳಿಯಬೇಕು. ಆಯವ್ಯಯದಲ್ಲಿ ಶಿಶುಶಿಕ್ಷಣಕ್ಕೆ, ಊಟದ ಲೆಕ್ಕದೊಡನೆ ಬೆರೆಯದ, ಪ್ರತ್ಯೇಕ ಶೀರ್ಷಿಕೆಯಿದ್ದು, ಕೊಟ್ಟ ಹಣವೂ ವೆಚ್ಚವಾದ ಹಣವೂ ವರ್ಷವರ್ಷವೂ ಶಾಸನಸಭೆಯ ಮುಂದೆ ಬರಬೇಕು. ಕಲಿಸುವವಳಿಗೆ ಶಿಕ್ಷಕಿಯೆಂಬ ಹೆಸರೂ ಸಂಬಳವೆಂಬ ಹೆಸರಿನ ಸಂಬಳವೂ ಸಲ್ಲಬೇಕು. ಸಾರ್ಜೆಂಟ್ ವರದಿಯಿಂದ ಎಣಿಸಿದರೆ ಎಂಬತ್ತು ವರ್ಷಗಳು ಸಂದಿವೆ. ಅಷ್ಟರಲ್ಲಿ ಎಷ್ಟೋ ತಲೆಮಾರಿನ ಶಿಶುಗಳು ಆರು ವರ್ಷ ದಾಟಿ ಹೋದರು. ಅವರಿಗೆ ಸಲ್ಲಬೇಕಾಗಿದ್ದ ಆ ವರ್ಷಗಳನ್ನು ಯಾವ ಸರ್ಕಾರವೂ ಹಿಂದಕ್ಕೆ ಕೊಡಲಾರದು. ಪಂಚಾಯಿತಿಯಿಂದ ಶಾಸನಸಭೆಯವರೆಗೆ ಪ್ರತಿನಿಧಿಗಳನ್ನು ಆರಿಸುವ ಸಮಯದಲ್ಲಿ, ರಸ್ತೆ ನೀರುಗಳ ಬಗೆಗೆ ಕೇಳುವಂತೆಯೇ ಊರಿನ ಅಂಗನವಾಡಿಯ ಬಗೆಗೂ ಜನರು ಕೇಳುವಂತಾಗಬೇಕು. ಮತವಿಲ್ಲದ, ಮನವಿ ಬರೆಯಲಾರದ ಈ ಮಕ್ಕಳ ಪರವಾಗಿ ಮಾತನಾಡುವ ಕರ್ತವ್ಯವು ಅಕ್ಷರ ಬಲ್ಲ ಪ್ರತಿಯೊಬ್ಬರಿಗೂ ಸೇರಿದುದು.